ಒಂದೀಟ ಅಂದರೆ ಎಷ್ಟು

ಚಳಿಗಾಲದ ಕೋಟನ್ನು ಒಗೆಯಲು ಕೊಡುವ ಮುನ್ನ ಜೇಬು ತಡಕುವುದು ನನ್ನ ಅಭ್ಯಾಸ. ಈ ಸಲ ಸಿಕ್ಕಿದ್ದು ಎರಡು ಬಸ್ ಟಿಕೆಟ್ಟು, ಕಾಗದಕ್ಕೆ ಅಂಟಿಕೊಂಡ ಒಂದು ಪೆಪ್ಪರ್‌ಮಿಂಟು ಮತ್ತು ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಕಾರ್ಡು. ಕಾರ್ಡಿನ ಮೇಲೆ ಸಾಲಾಗಿ ಆರು ಮುಖಗಳಿವೆ. ಮೊದಲನೆಯದು ಹಲ್ಲು ಕಿರಿದು ನಗುತ್ತದೆ. ಆಮೇಲಾಮೇಲೆ ನಗು ಕಡಿಮೆಯಾಗುತ್ತಾ ಹೋಗಿ ಆರನೆಯದು ಗೋಳೋ ಎಂದು ಅಳುತ್ತದೆ. ಇಂಗ್ಲಿಷ್ ಬಾರದ ರೋಗಿಗಳ ಮುಂದೆ ಡಾಕ್ಟರು ಇದನ್ನು ಹಿಡಿದು, ನಿಮ್ಮ ನೋವು ಇದರಲ್ಲಿ ಯಾವುದು ಎಂದು ಕೇಳುತ್ತಾರೆ. ಅಂದರೆ ಇದು ಸರ್ಜರಿಯ (ಇಲ್ಲಿ ಡಾಕ್ಟರ ಕ್ಲಿನಿಕ್ಕಿಗೆ ಹಾಗೆನ್ನುತ್ತಾರೆ) ಸ್ವತ್ತು, ನಾನು ಕದ್ದು ತಂದಿದ್ದೇನೆ. ಬೇಕೆಂದು ಕದ್ದದ್ದಲ್ಲ, ಅವತ್ತು ನನಗೆ ನನ್ನ ಕೈಯಲ್ಲಿ ಏನಿದೆ ಎಂಬ ಖಬರಿರಲಿಲ್ಲ.

ನಾನಿರುವುದು ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ. ಕೆಲಸ ಕನ್ನಡದ ಇಂಟರ್ಪ್ರಿಟರ್. ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡಕ್ಕೆ, ರೋಗಿ ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸುವುದು. ಕೇಳಲು ದೊಡ್ಡ ಹುದ್ದೆಯಂತಿದೆ ಅಲ್ಲವೇ? ಕೆಲವು ತಿಂಗಳು ಮೂರು ಕರೆ ಬರುತ್ತವೆ, ಕೆಲವು ತಿಂಗಳು ಒಂದೂ ಇಲ್ಲ. ಈ ಕಡೆಯ ಕನ್ನಡಿಗರಲ್ಲಿ ಅರ್ಧ ಜನ ತಾವೇ ಡಾಕ್ಟರುಗಳು, ಅವರಿಗೆ ನನ್ನ ಹಂಗಿಲ್ಲ. ನನ್ನ ಹಂಗಿರುವುದು ಅವರ ಅಮ್ಮಂದಿರಿಗೆ, ಅತ್ತೆಯರಿಗೆ. ಆದರೂ ಕರೆಯಿದ್ದ ದಿನ ನನಗೆ ಬೆಳಗಿನ ತಿಂಡಿ ಸೇರುವುದಿಲ್ಲ. ನಾನು ಹುಟ್ಟಾ ಪುಕ್ಕಲಿ. ಹಾಗೆಂದು ನನಗೆ ಹೃದಯ, ಮೂತ್ರಪಿಂಡ ಮುಂತಾದ ದೊಡ್ಡ ದೊಡ್ಡ ಪದಗಳ ಭಯವಿಲ್ಲ, ಅವು ನಿಘಂಟಿನಲ್ಲಿ ಸಿಗುತ್ತವೆ. ನನ್ನ ಪ್ರಾಣ ಹಿಂಡುವುದು ಫ್ಯೂ, ಎ ಫ್ಯೂ, ಲಿಟಲ್, ಎ ಲಿಟಲ್, ಮಚ್, ಮೆನಿ ಎಂಬ ಚಿಳ್ಳೆಪಿಳ್ಳೆಗಳು.

ಈ ಭಯದ ಮೂಲ ತಿಪಟೂರಿನ ಹೈಸ್ಕೂಲಿನಲ್ಲಿದೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಈ ಪಾಠಕ್ಕೆಂದೇ ಪಂಚೆಯ ಸೊಂಟದಲ್ಲಿ ಕೊಬ್ಬರಿ ಚೂರು ಕಟ್ಟಿಕೊಂಡು ಬರುತ್ತಿದ್ದರು. ಮೇಜಿನ ಮೇಲೆ ಮೂರು ಚೂರು ಇಟ್ಟು ನಮ್ಮ ಕಡೆ ನಗುತ್ತಾ ನೋಡಿ, ‘ಎ ಫ್ಯೂ! ಇನ್ನೂ ಇದೆ ಕಣ್ರೋ, ಸಂತೋಷಪಡಿ’ ಎನ್ನುತ್ತಿದ್ದರು. ಮರುಕ್ಷಣ ಅದೇ ಮೂರು ಚೂರನ್ನು ನೋಡಿ ಮುಖ ಇಳಿಸಿಕೊಂಡು, ‘ಫ್ಯೂ. ಏನೂ ಇಲ್ವಲ್ರೋ, ಅಳಿ’ ಎನ್ನುತ್ತಿದ್ದರು. ಚೂರು ಮೂರೇ, ಬದಲಾದದ್ದು ಮೇಷ್ಟ್ರ ಮುಖ. ಇಡೀ ತರಗತಿ ನಕ್ಕು ಕಲಿತುಬಿಟ್ಟಿತು. ನಾನೊಬ್ಬಳು ಮಾತ್ರ, ಎಷ್ಟು ಚೂರಿದ್ದರೆ ಸಂತೋಷಪಡಬೇಕು, ಎಷ್ಟಿದ್ದರೆ ಅಳಬೇಕು ಎಂದು ಗೊತ್ತಾಗದೆ ಕಂಗಾಲಾದೆ. ಕೇಳಿದ್ದಕ್ಕೆ ಮೇಷ್ಟ್ರು, ‘ಅದು ನಿನ್ನ ಹಸಿವು ನೋಡ್ಕೊಂಡು ಕಣಮ್ಮಾ’ ಎಂದು ಮೂರನ್ನೂ ತಾವೇ ಬಾಯಿಗೆ ಹಾಕಿಕೊಂಡರು.

ಹಸಿವು ನೋಡಿಕೊಂಡು ಮಾತಾಡುವುದನ್ನು ನಾನು ಇವತ್ತಿಗೂ ಕಲಿತಿಲ್ಲ. ಇಂಟರ್ಪ್ರಿಟರ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದದ್ದೂ ಇಲ್ಲೇ. ಮಾತ್ರೆ ಮುಗಿಯುತ್ತಾ ಬಂದಿದೆ ಎಂಬರ್ಥದಲ್ಲಿ ಪರೀಕ್ಷಕಿ ಫ್ಯೂ ಎಂದರೆ, ನಾನು ಧೈರ್ಯವಾಗಿ ‘ಕೆಲವು ಮಾತ್ರೆ ಇವೆ’ ಎಂದೆ. ಅರ್ಥ ತಿರುವುಮುರುವಾಗಿದೆ ಎಂದು ಆಕೆ ಕೆಂಪು ಶಾಯಿಯಲ್ಲಿ ಬರೆದಳು. ಎರಡನೇ ಸಲ ಪಾಸಾದೆ. ಆದರೆ ಆ ಕೆಂಪು ಗೆರೆ ಈಗಲೂ ಕಣ್ಣ ಮುಂದೆ ಬರುತ್ತದೆ. ಲೀಡ್ಸ್‌ನಲ್ಲಿ ಓದುತ್ತಿರುವ ನನ್ನ ಮಗಳು ಫೋನಿನಲ್ಲೂ ಬಿಡುವುದಿಲ್ಲ. ‘ಬಸ್ಸಲ್ಲಿ ಇವತ್ತು ಲೆಸ್ ಜನ’ ಎಂದರೆ ಸಾಕು, ‘ಮಮ್, ಫ್ಯೂಯರ್!’ ಎನ್ನುತ್ತಾಳೆ. ಎಣಿಸಲು ಬರುವುದಕ್ಕೆ ಲೆಸ್ ಎನ್ನಬಾರದಂತೆ. ಆ ಬಸ್ಸಿನ ಡ್ರೈವರೇ ಲೆಸ್ ಎಂದಿದ್ದು ಎಂದರೆ, ಅವನು ಹೇಳಬಹುದು, ನೀನು ಹೇಳಬಾರದು ಎನ್ನುತ್ತಾಳೆ. ಅವಳ ಮಾತಿನಲ್ಲಿ ಸತ್ಯವಿದೆ ಎಂಬುದೇ ನನ್ನ ಸಂಕಟ.

ನಮ್ಮ ಕನ್ನಡದಲ್ಲಿ ಈ ತಲೆನೋವೇ ಇಲ್ಲ ನೋಡಿ. ಎಲ್ಲದಕ್ಕೂ ಒಂದೇ ‘ಸ್ವಲ್ಪ’. ಸ್ವಲ್ಪ ದೂರ ಎಂದರೆ ಮೂರು ಮೈಲಿ ನಡೆಯಲು ಸಿದ್ಧರಾಗಿ. ಸ್ವಲ್ಪ ಕೂತಿರಿ ಎಂದು ಯಾರಾದರೂ ಕಚೇರಿಯಲ್ಲಿ ಹೇಳಿದರೆ ಊಟದ ಡಬ್ಬಿ ಬಿಚ್ಚಬಹುದು. ಪಂಕ್ತಿಯಲ್ಲಿ ‘ಸ್ವಲ್ಪ ಹಾಕಿ’ ಎಂದವರ ಎಲೆಗೆ ನಿಜವಾಗಿ ಸ್ವಲ್ಪವೇ ಹಾಕಿ ಮುಂದೆ ಹೋದವನನ್ನು ಆ ಮನೆಯವರು ಮತ್ತೆ ಬಡಿಸಲು ಕರೆಯುವುದಿಲ್ಲ. ಹೇಳುವವರು ಕಡಿಮೆ ಹೇಳಬೇಕು, ಕೇಳುವವರು ಹೆಚ್ಚು ತಿಳಿಯಬೇಕು. ಇದು ಎರಡು ಕಡೆಯವರೂ ಒಪ್ಪಿಕೊಂಡ ಏರ್ಪಾಟು. ಒಂದು ಕಡೆಯವರು ಕೈಕೊಟ್ಟರೆ ಎಲೆ ಖಾಲಿ.

ನನ್ನ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ‘ಸ್ವಲ್ಪ ಉಳುಕಿದೆ’ ಎಂದರು. ಹನ್ನೊಂದು ದಿನ ಎಡಗೈಯಲ್ಲಿ ರಾಗಿ ಮುದ್ದೆ ಕಟ್ಟಿದರು. ಮುದ್ದೆ ಒಂದೊಂದೂ ಒಂದೊಂದು ಆಕಾರ. ನಾವು ಮಕ್ಕಳು ಅದನ್ನು ನೋಡಿ ನಗುತ್ತಾ ತಿಂದೆವು. ಹನ್ನೆರಡನೇ ದಿನ ಚಿಕ್ಕಮ್ಮ ಬಂದು ಅಮ್ಮನ ಮುಖ ನೋಡಿದವಳೇ ಆಟೋ ಕರೆದಳು. ಮಣಿಕಟ್ಟು ಎರಡು ಕಡೆ ಮುರಿದಿತ್ತು. ನಕ್ಕದ್ದು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಇರಲಿ, ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಫೆಬ್ರವರಿಯ ಒಂದು ಬೆಳಿಗ್ಗೆ ನಮ್ಮ ಮನೆ ಹತ್ತಿರದ್ದೇ ಒಂದು ಸರ್ಜರಿಗೆ ಹೋಗಬೇಕಾಗಿತ್ತು. ರೋಗಿಯ ಹೆಸರು ನೀಲವ್ವ, ವಯಸ್ಸು ಎಪ್ಪತ್ತೆರಡು. ಗದಗದ ಕಡೆಯವರು, ಇಲ್ಲಿ ಮಗಳ ಮನೆಗೆ ಬಂದು ಆರು ವರ್ಷವಾಗಿದೆ. ಮಗಳು ಆಸ್ಪತ್ರೆಯಲ್ಲಿ ನರ್ಸು. ಅವತ್ತು ಅವಳಿಗೆ ಬೆಳಗಿನ ಪಾಳಿ ಬಂದಿದ್ದರಿಂದ ತಾಯಿಯನ್ನು ಕಾಯುವ ಕೋಣೆಯಲ್ಲಿ ಕೂರಿಸಿ ಓಡಿದ್ದಳು.

ನಮ್ಮ ಕೆಲಸದಲ್ಲಿ ಮೂರು ನಿಯಮಗಳನ್ನು ತಲೆಗೆ ತುಂಬಿರುತ್ತಾರೆ. ರೋಗಿ ಹೇಳಿದ್ದಕ್ಕೆ ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. ರೋಗಿ ‘ನಾನು’ ಎಂದರೆ ನೀವೂ ‘ನಾನು’ ಎಂದೇ ಹೇಳಬೇಕು. ಮತ್ತು ಡಾಕ್ಟರ ಕೋಣೆಯ ಹೊರಗೆ ರೋಗಿಯ ಜೊತೆ ಹರಟೆ ಹೊಡೆಯಬಾರದು, ಅವರು ಕೊಟ್ಟದ್ದನ್ನು ತಿನ್ನಬಾರದು. ಮೂರನೆಯದನ್ನು ನೀಲವ್ವ ಐದು ನಿಮಿಷದಲ್ಲಿ ಮುರಿಸಿಬಿಟ್ಟರು.

‘ನಿಂದು ಯಾವೂರವ್ವಾ?’

‘ತಿಪಟೂರು, ಅಮ್ಮ.’

‘ಅಯ್ಯ, ಕೊಬ್ರಿ ಊರು! ತಗೋ, ಶೇಂಗಾ ಉಂಡಿ ತಿನ್ನು. ಮಾರಿ ನೋಡಿದ್ರ ಮುಂಜಾನಿಂದ ಏನೂ ತಿಂದಿಲ್ಲ ನೀನು.’

ನಿಜವಾಗಿಯೂ ತಿಂದಿರಲಿಲ್ಲ. ಕರೆಯಿದ್ದ ದಿನ ತಿಂಡಿ ಸೇರುವುದಿಲ್ಲ ಎಂದೆನಲ್ಲ. ಬೇಡ ಎನ್ನುವಷ್ಟರಲ್ಲಿ ಉಂಡೆ ಅಂಗೈಯಲ್ಲಿತ್ತು. ಅವರ ಉಂಡೆ ತಿನ್ನುತ್ತಾ, ನನ್ನ ಜೊತೆ ಮಾತಾಡಬೇಡಿ ಎಂದು ಯಾವ ಬಾಯಲ್ಲಿ ಹೇಳಲಿ?

‘ನನ್ನ ತಮ್ಮನ ಮೊಮ್ಮಗಳ ಮದುವಿ ಐತಿ,’ ಎಂದು ನೀಲವ್ವ ಶುರುಮಾಡಿದರು. ‘ಇನ್ನ ಹನ್ನೊಂದು ದಿನ ಉಳದಾವು. ಆ ಕೂಸನ್ನ ಎತ್ತಿ ಆಡಿಸೀನಿ ನಾನು. ಅಕ್ಕಿಕಾಳು ಹಾಕಾಕ ನಾ ಬರಬೇಕಂತ ಹಟ ಹಿಡದಾಳ. ಈ ವಯಸ್ಸಿನ್ಯಾಗ ವಿಮಾನ ಹತ್ತಬೇಕಂದ್ರ ಡಾಕ್ಟ್ರು ಚೀಟಿ ಕೊಡಬೇಕಂತ. ಅಷ್ಟs, ಮತ್ತೇನಿಲ್ಲ.’

ಆಮೇಲೆ ನನ್ನ ಕಡೆ ಬಾಗಿ ದನಿ ಇಳಿಸಿದರು. ‘ಮೆಟ್ಲ ಹತ್ತಿದ್ರ ಎದಿ ಹಿಡದಂಗ ಆಕ್ಕೈತಿ ನೋಡು. ಒಂದು ತಿಂಗಳಾತು, ಕೆಳಗ ಸೋಫಾದ ಮ್ಯಾಲ ಮಲಗತೀನಿ. ಟಿವಿ ನೋಡಕೋಂತ ಅಲ್ಲೇ ನಿದ್ದಿ ಹತ್ತತೈತಿ ಅಂತ ಮಗಳಿಗೆ ಹೇಳೀನಿ. ನೀ ಎಲ್ಲೂ ಬಾಯಿ ಬಿಡಬ್ಯಾಡ ಮತ್ತ.’

ಉಳಿದ ಅರ್ಧ ಉಂಡೆಯನ್ನು ಕರವಸ್ತ್ರದಲ್ಲಿ ಸುತ್ತಿದೆ. ಅಷ್ಟರಲ್ಲಿ ಗೋಡೆಯ ಪರದೆಯ ಮೇಲೆ ಅವರ ಹೆಸರು ಮೂಡಿತು.

ಡಾಕ್ಟರು ಮೂವತ್ತೈದರ ಆಸುಪಾಸಿನ ಹೆಂಗಸು. ಹಡರ್ಸ್‌ಫೀಲ್ಡ್ ಕಡೆಯ ಉಚ್ಚಾರ, ಎಲ್ಲರನ್ನೂ ‘ಲವ್’ ಎಂದು ಕರೆಯುವ ಸ್ವಭಾವ. ಹತ್ತು ನಿಮಿಷದ ಅಪಾಯಿಂಟ್‌ಮೆಂಟು, ಆಗಲೇ ಎರಡು ನಿಮಿಷ ತಡವಾಗಿತ್ತು. ಹಳೆಯ ದಾಖಲೆ ನೋಡುತ್ತಾ, ಎದೆಯಲ್ಲಿ ನೋವೇನಾದರೂ ಇದೆಯೇ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

ನೀಲವ್ವ ನನ್ನನ್ನೇ ನೋಡುತ್ತಾ, ‘ಒಂದೀಟs,’ ಎಂದರು. ಅವರ ಕಡೆಯ ‘ಸ್ವಲ್ಪ’ ಅದು.

ನೋಡಿ, ನನ್ನ ಜೀವಮಾನದ ಭಯ ಎದುರಿಗೆ ಬಂದು ಕೂತಿತು. ಲಿಟಲ್ ಎಂದರೆ ನೋವು ಇಲ್ಲವೆಂಬಷ್ಟು ಕಡಿಮೆ. ಎ ಲಿಟಲ್ ಎಂದರೆ ಇದೆ, ಆದರೆ ಅಷ್ಟೇನಿಲ್ಲ. ಕೆಂಪು ಶಾಯಿ ಕಣ್ಣ ಮುಂದೆ ಬಂತು. ಉಸಿರು ಎಳೆದುಕೊಂಡು, ‘ಎ ಲಿಟಲ್’ ಎಂದೆ. ಸರಿಯಾಗಿ ಹೇಳಿದೆ ಎಂದು ಒಂದು ಗಳಿಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಡಾಕ್ಟರು ತಲೆಯಾಡಿಸಿ ಈ ಕಾರ್ಡನ್ನು ತೆಗೆದು ನೀಲವ್ವನ ಮುಂದೆ ಹಿಡಿದರು. ನೀಲವ್ವ ಆರೂ ಮುಖಗಳನ್ನು ನೋಡಿ, ನಗುವ ಮುಖದ ಮೇಲೆ ಬೆರಳಿಟ್ಟರು. ಆಮೇಲೆ ಡಾಕ್ಟರ ಕೈಯಿಂದ ಕಾರ್ಡು ತೆಗೆದು ನನ್ನ ಕೈಗಿಟ್ಟು ಪಿಸುಗುಟ್ಟಿದರು: ‘ಮದುವಿ ಮನಿಗೆ ಹೊಂಟಾಕಿ ಅಳೋ ಮಾರಿ ಮ್ಯಾಲ ಬಟ್ಟು ಇಡ್ತಾರೇನವ್ವಾ?’

ಇದನ್ನೂ ಅನುವಾದಿಸಬೇಕಿತ್ತು. ಏನನ್ನೂ ಬಿಡಬಾರದು ಎಂಬುದು ನಿಯಮ. ನಾನು ಬಾಯಿ ತೆರೆಯುವ ಮುನ್ನವೇ ಡಾಕ್ಟರು ‘ಲವ್ಲಿ’ ಎಂದು ಕಂಪ್ಯೂಟರಿನ ಕಡೆ ತಿರುಗಿ ಚೀಟಿ ಟೈಪು ಮಾಡಲು ಶುರುಮಾಡಿಯಾಗಿತ್ತು.

ಆ ಕೀಲಿಗಳ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಕಾಯುವ ಕೋಣೆಯಲ್ಲಿ ಕೇಳಿದ್ದನ್ನು ಒಳಗೆ ಹೇಳುವಂತಿಲ್ಲ. ಹೇಳಿದರೆ ಆ ಮುದುಕಿಯ ಮಾತು ಮುರಿದಂತೆ, ಮದುವೆ ತಪ್ಪಿಸಿದಂತೆ, ನನ್ನ ಕೆಲಸ ಹೋದರೂ ಹೋಯಿತು. ಹೇಳದಿದ್ದರೆ ವಿಮಾನದಲ್ಲಿ ಹತ್ತು ಗಂಟೆ, ಎದೆ ಹಿಡಿದುಕೊಂಡು, ನಗುಮುಖ ಹಾಕಿಕೊಂಡು ಆಕೆ ಕೂರಬೇಕು. ನಾನು ಹೇಳಿದ ಇಂಗ್ಲಿಷಿನಲ್ಲಿ ಒಂದು ಅಕ್ಷರದ ತಪ್ಪೂ ಇರಲಿಲ್ಲ. ಆದರೆ ಏರ್ಪಾಟಿನ ಅರ್ಧ ಭಾಗ ಈ ಕೋಣೆಯೊಳಗೆ ಬಂದೇ ಇರಲಿಲ್ಲ. ಕಡಿಮೆ ಹೇಳುವವರು ಇದ್ದರು, ಹೆಚ್ಚು ತಿಳಿಯುವವರು ಇರಲಿಲ್ಲ. ಇದ್ದವಳು ನಾನೊಬ್ಬಳೇ. ನನಗೆ ಎಡಗೈಯಲ್ಲಿ ಕಟ್ಟಿದ ಮುದ್ದೆ ನೆನಪಾಯಿತು.

‘ಇಂಟರ್ಪ್ರಿಟರ್ ತನ್ನ ಪರವಾಗಿ ಒಂದು ಮಾತು ಹೇಳಬಹುದೇ?’ ಎಂದು ಕೇಳಿದೆ. ದನಿ ನನ್ನದೇ ಎಂದು ನನಗೆ ಅನಿಸಲಿಲ್ಲ. ಡಾಕ್ಟರು ತಿರುಗಿದರು.

ನಾನು ಹೇಳಿದ್ದು ಇಷ್ಟೇ. ನಮ್ಮ ಕಡೆ ಇವರ ವಯಸ್ಸಿನ ಹೆಂಗಸರು ಎಲ್ಲಕ್ಕೂ ಸ್ವಲ್ಪ ಎನ್ನುತ್ತಾರೆ, ಜೋರು ನೋವಿಗೂ ಸ್ವಲ್ಪವೇ. ನೋವು ಎಷ್ಟು ಎಂದು ಕೇಳಬೇಡಿ. ಮನೆಯಲ್ಲಿ ಎಷ್ಟು ಮೆಟ್ಟಿಲಿವೆ, ಈಗ ಎಷ್ಟು ಹತ್ತುತ್ತಾರೆ ಎಂದು ಕೇಳಿ. ಸೋಫಾದ ಸುದ್ದಿ ಎತ್ತಲಿಲ್ಲ. ಆದರೆ ನಿಯಮದ ಪ್ರಕಾರ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೀಲವ್ವನಿಗೂ ಕನ್ನಡದಲ್ಲಿ ಹೇಳಬೇಕಾಯಿತು. ಅವರು ಕೇಳುತ್ತಾ ಕೇಳುತ್ತಾ ನನ್ನಿಂದ ಕುರ್ಚಿಯನ್ನು ಒಂದು ಗೇಣು ಸರಿಸಿಕೊಂಡರು.

ಡಾಕ್ಟರು ಮುಗುಳ್ನಕ್ಕರು. ‘ನಮ್ಮಜ್ಜಿಯೂ ಹೀಗೇ. ಕಾಲು ಮುರಿದುಕೊಂಡು ನಾಟ್ ಟೂ ಬ್ಯಾಡ್ ಎನ್ನುತ್ತಿದ್ದಳು,’ ಎಂದು, ಮೆಟ್ಟಿಲಿನ ಪ್ರಶ್ನೆ ಕೇಳಿದರು.

ನೀಲವ್ವ ಮಡಿಲಲ್ಲೇ ಬೆರಳು ಮಡಿಚಿ ಎಣಿಸಿದರು. ನೋವನ್ನು ಒಂದೀಟು ಮಾಡಬಹುದು, ಮೆಟ್ಟಿಲನ್ನು ಒಂದೀಟು ಮಾಡಲು ಬರುವುದಿಲ್ಲ.

‘ಹದಿಮೂರು ಅದಾವ,’ ಎಂದರು ಕೊನೆಗೆ. ‘ನಾಕು ಹತ್ತತೀನಿ. ಆಮ್ಯಾಲೆ ಕುಂದರತೀನಿ. ಉಸರು ಬಂದ ಮ್ಯಾಲೆ ಕೆಳಗ ಇಳೀತೀನಿ.’

‘ನಾಲ್ಕು ಹತ್ತುತ್ತೇನೆ, ಆಮೇಲೆ ಕೂರುತ್ತೇನೆ,’ ಎಂದು ನಾನು ಇಂಗ್ಲಿಷಿನಲ್ಲಿ ಹೇಳುವಾಗ ನನ್ನದೇ ಎದೆ ಹಿಡಿದಂತಾಯಿತು. ಡಾಕ್ಟರ ಮುಖದಲ್ಲಿದ್ದ ನಗು ಹೋಗಿತ್ತು. ಪಕ್ಕದ ಕೋಣೆಯಲ್ಲಿ ಮಲಗಿಸಿ ಇಸಿಜಿ ತೆಗೆದರು. ಕಾಗದ ನೋಡಿದ ಮೇಲೆ ಡಾಕ್ಟರು ಆಂಬುಲೆನ್ಸ್‌ಗೆ ಫೋನು ಮಾಡಿದರು. ಚೀಟಿ ಕಂಪ್ಯೂಟರಿನಲ್ಲಿ ಅರ್ಧಕ್ಕೇ ನಿಂತಿತ್ತು. ನೀಲವ್ವನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗುವಾಗ ಆಕೆ ನನ್ನ ಕಡೆ ನೋಡಲಿಲ್ಲ. ನಾನು ಈ ಕಾರ್ಡನ್ನು ಹಿಡಿದುಕೊಂಡು ಬಸ್ ನಿಲ್ದಾಣದಲ್ಲಿ ಬಹಳ ಹೊತ್ತು ನಿಂತಿದ್ದೆನಂತೆ. ನೋಡಿದ ಪಕ್ಕದ ಮನೆಯವಳು ಆಮೇಲೆ ಹೇಳಿದಳು.

ಮುಂದಿನದು ಇನ್ನೂ ಕಷ್ಟದ ಕಾಲ. ಕೆಲಸ ಮುಗಿದ ಮೇಲೆ ರೋಗಿ ಏನಾದರು ಎಂದು ಇಂಟರ್ಪ್ರಿಟರ್ ಕೇಳುವಂತಿಲ್ಲ. ಬದುಕಿದ್ದಾರೋ ಇಲ್ಲವೋ ಎಂದೂ ಕೇಳುವಂತಿಲ್ಲ. ನನ್ನ ಮೇಲೆ ದೂರಿನ ಪತ್ರ ಬರುತ್ತದೆಂದು ದಿನಕ್ಕೆ ಇಪ್ಪತ್ತು ಸಲ ಈಮೇಲ್ ತೆಗೆದು ನೋಡಿದೆ. ಬರಲಿಲ್ಲ. ಬರದಿದ್ದಕ್ಕೆ ಇನ್ನಷ್ಟು ಹೆದರಿದೆ. ದೂರು ಕೊಡಲು ಆಕೆ ಇಲ್ಲವೇನೋ ಎಂದು. ಯಜಮಾನರು, ‘ಅವರಿಗೆ ಏನಾದರೂ ಆಗಿದ್ದರೆ ನಿನಗೆ ಗೊತ್ತಾಗ್ತಿತ್ತು ಕಣೇ,’ ಎಂದರು. ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದ್ದಕ್ಕೆ ಚಹಾ ಮಾಡಿಕೊಟ್ಟರು.

ಯುಗಾದಿಗೆ ಮ್ಯಾಂಚೆಸ್ಟರಿನ ಒಂದು ಶಾಲೆಯ ಹಾಲಿನಲ್ಲಿ ನಮ್ಮವರೆಲ್ಲ ಸೇರಿದ್ದರು. ಬೇವುಬೆಲ್ಲದ ಸಾಲಿನಲ್ಲಿ ನನ್ನ ಹಿಂದಿದ್ದ ಒಬ್ಬಾಕೆ ಇನ್ನೊಬ್ಬಳಿಗೆ, ‘ಪಾಪ, ಅವರ ತಾಯಿ ಹೋಗ್ಬಿಟ್ರಂತೆ, ಹಾರ್ಟು,’ ಎಂದಳು. ಯಾರ ತಾಯಿ, ಯಾರ ತಾಯಿ ಎಂದು ಆಕೆಯ ತೋಳು ಹಿಡಿದೇ ಕೇಳಿದೆ. ಬರ್ಮಿಂಗ್‌ಹ್ಯಾಮಿನ ಯಾರದೋ ತಾಯಿ, ಮಂಗಳೂರಿನವರು. ಸದ್ಯ ಎಂದುಕೊಂಡೆ. ಸತ್ತವರ ಸುದ್ದಿ ಕೇಳಿ ಸದ್ಯ ಎಂದುಕೊಂಡವಳು ನಾನು. ಹಬ್ಬದ ದಿನ ಬಚ್ಚಲಿಗೆ ಹೋಗಿ ಅತ್ತೆ.

ಏಪ್ರಿಲ್‌ನಲ್ಲಿ ಈಮೇಲಿನಲ್ಲಿ ಒಂದು ಕರೆ ಬಂತು. ಅದೇ ಪೋಸ್ಟ್‌ಕೋಡು, ಅದೇ ಸರ್ಜರಿ, ಕನ್ನಡ. ರೋಗಿಯ ಹೆಸರನ್ನು ಎರಡೆರಡು ಸಲ ಓದಿದೆ: ನೀಲವ್ವ. ಇದ್ದಾರೆ! ಆ ಸಂತೋಷದ ಹಿಂದೆಯೇ ಎರಡನೆಯ ಸಾಲು ಕಂಡಿತು: ಹಿಂದಿನ ಸಲ ಬಂದವರು ಬೇಡ ಎಂದು ರೋಗಿ ಕೋರಿದ್ದಾರೆ, ಆದರೆ ಈ ಭಾಗದಲ್ಲಿ ಬೇರೆ ಕನ್ನಡದ ಇಂಟರ್ಪ್ರಿಟರ್ ಲಭ್ಯವಿಲ್ಲ. ಒಪ್ಪಿಕೊಂಡೆ. ಏಕೆ ಒಪ್ಪಿಕೊಂಡೆ ಎಂದರೆ, ನೋಡಬೇಕಿತ್ತು.

ನೀಲವ್ವ ಸ್ವಲ್ಪ ಇಳಿದಿದ್ದರು, ಮುಖದಲ್ಲಿ ಕಳೆ ಇತ್ತು. ಕಾಯುವ ಕೋಣೆಯಲ್ಲಿ ನನಗೆ ಬೆನ್ನು ಹಾಕಿ ಕೂತರು. ಒಳಗೆ ಡಾಕ್ಟರು, ಸ್ಟೆಂಟ್ ಹಾಕಿದ ಮೇಲೆ ಹೇಗಿದ್ದೀರಿ ಎಂದು ಕೇಳಿದರು.

‘ಹದಿಮೂರೂ ಹತ್ತತೀನಿ,’ ಎಂದರು ನೀಲವ್ವ, ಗೋಡೆ ನೋಡುತ್ತಾ. ‘ಎಂಟನೇದಕ್ಕ ಒಮ್ಮಿ ನಿಂದರತೀನಿ. ನಮ್ಮ ಖೋಲ್ಯಾಗ ಮಲಗತೀನಿ.’ ಆಮೇಲೆ ಮೊದಲ ಬಾರಿಗೆ ನನ್ನ ಕಡೆ ತಿರುಗಿದರು. ‘ಇದನ್ನೂ ಹೇಳು ಡಾಕ್ಟ್ರಿಗೆ. ಹೋದ ಸಲ ನನ್ನ ಜೋಡಿ ಬಂದಿದ್ದಾಕಿ, ನಾ ಹೇಳಿದ್ದು ಬಿಟ್ಟು ಹೇಳದ್ದು ಹೇಳಿದ್ಲು. ಆಕಿ ದೆಸಿಂದ ನಾ ಮದುವಿಗೆ ಹೋಗೋದು ತಪ್ಪಿತು. ಅಕ್ಕಿಕಾಳು ಹಾಕಾಕ ಆಗಲಿಲ್ಲ. ಆ ಕೂಸು ಫೋನಿನ್ಯಾಗ ಅತ್ಲು, ನಾನೂ ಅತ್ತೆ. ಭಾಳ ಅತ್ತೆ. ಒಂದೂ ಬಿಡಬ್ಯಾಡ, ಎಲ್ಲಾ ಹೇಳು.’

ರೋಗಿ ‘ನಾನು’ ಎಂದರೆ ನಾನೂ ‘ನಾನು’ ಎನ್ನಬೇಕು. ಹೇಳಿದೆ. ಹೋದ ಸಲ ಬಂದವಳಿಂದ ನಾನು ಮದುವೆಗೆ ಹೋಗುವುದು ತಪ್ಪಿತು, ನಾನು ಬಹಳ ಅತ್ತೆ, ಎಂದು ಒಂದು ಮಾತೂ ಬಿಡದೆ ಹೇಳಿದೆ. ಯಾವ ಪದ ಹಾಕಲಿ ಎಂದು ಯೋಚಿಸಲಿಲ್ಲ. ಡಾಕ್ಟರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಪೆನ್ನು ಕೆಳಗಿಟ್ಟರು. ದೂರು ಕೊಡಲು ನಿಮಗೆ ಹಕ್ಕಿದೆ, ಕೊಡುತ್ತೀರಾ? ಮುಂದಿನ ಸಲ ತಡವಾದರೂ ಪರವಾಗಿಲ್ಲ, ಬೇರೆ ಊರಿನಿಂದ ಯಾರನ್ನಾದರೂ ಫೋನಿನಲ್ಲಿ ಹಿಡಿಯೋಣವೇ? ಎಂದು ಬಹಳ ಗೌರವದಿಂದ ಕೇಳಿದರು. ಇದನ್ನೂ ನಾನೇ ನೀಲವ್ವನಿಗೆ ಕನ್ನಡದಲ್ಲಿ ಕೇಳಬೇಕಾಯಿತು. ಕೇಳಿದೆ.

ನೀಲವ್ವ ಸೆರಗು ಸರಿಮಾಡಿಕೊಂಡರು.

‘ಬ್ಯಾಡ,’ ಎಂದರು. ‘ಈಕಿನ್ನs ಕಳಸ್ರಿ. ನಾ ಸುಳ್ಳು ಹೇಳಿದ್ರ ಈ ಊರಾಗ ಇನ್ಯಾರಿಗೆ ಗೊತ್ತಾಗತೈತಿ?’

ಇದನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳುವವಳು ನಾನೇ. ನೀರು ಕುಡಿಯಬಹುದೇ ಎಂದು ಡಾಕ್ಟರನ್ನು ಕೇಳಿ, ಕುಡಿದು, ಆಮೇಲೆ ಹೇಳಿದೆ.